ಕೈ ಹಿಡಿಯದ ಅರಬ್ಬಿ ಅಕ್ಷರಗಳು

ಒಬ್ಬರ ಹೆಸರನ್ನು ತಪ್ಪಾಗಿ ಕರೆದರೆ ಅಲ್ಲೇ ಸಾರಿ ಕೇಳಿ ಮುಗಿಸಬಹುದು. ಅದೇ ಹೆಸರನ್ನು ತಪ್ಪಾಗಿ ಕೆತ್ತಿಸಿ, ಶಾಲು ಹೊದಿಸಿ, ಊರಿನವರ ಎದುರಿಗೆ ಅವರ ಕೈಗಿಟ್ಟು, ಮೇಲಿಂದ ಚಪ್ಪಾಳೆಯನ್ನೂ ತಟ್ಟಿಸಿದ್ದರೆ?

ನಾನು ಮಾಡಿದ್ದು ಅದನ್ನೇ. ಮಾಡಿದ್ದೇನೆ ಎಂದು ಗೊತ್ತಾಗುವುದಕ್ಕೆ ಏಳು ತಿಂಗಳು ಹಿಡಿಯಿತು.

ಅರಸೀಕೆರೆಯ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಟೀಚರ್. (ಈ ಅಂಕಣ ಓದುವ ನಿಮಗೆ ಇದು ಗೊತ್ತೇ ಇದೆ. ನನ್ನ ಕಾಗುಣಿತದ ಕಾಟವೂ ಗೊತ್ತಿದೆ.) ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಶಾಹಿದಾ ಟೀಚರ್ ಅವರದಾಗಿತ್ತು. ಅವರು ಉರ್ದು ಪಾಠ ಮಾಡುತ್ತಿದ್ದರು. ಹತ್ತೊಂಬತ್ತು ವರ್ಷ ಒಂದೇ ಮೇಜು, ಒಂದೇ ಫ್ಯಾನು. ನನ್ನ ಡಬ್ಬಿಯ ಚಿತ್ರಾನ್ನ ಅವರಿಗೆ, ಅವರ ಡಬ್ಬಿಯ ಮಾವಿನಕಾಯಿ ಉಪ್ಪಿನಕಾಯಿ ನನಗೆ.

ಅವರು ನಿವೃತ್ತರಾದಾಗ ಬೀಳ್ಕೊಡುಗೆಯ ಉಸ್ತುವಾರಿ ನನ್ನ ಪಾಲಿಗೆ ಬಂತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲರೂ ಕೊಡುತ್ತಾರೆ. ಮೊಮೆಂಟೋದಲ್ಲಿ ಮಾತ್ರ ಏನಾದರೂ ವಿಶೇಷ ಇರಬೇಕು ಅನ್ನಿಸಿತು. ಕನ್ನಡದಲ್ಲಿ ಅವರ ಹೆಸರು, ಕೆಳಗೆ ಅವರದೇ ಲಿಪಿಯಲ್ಲಿ ಇನ್ನೊಮ್ಮೆ. ಇಷ್ಟು ಒಳ್ಳೆಯ ಐಡಿಯಾ ನನಗೆ ಹೊಳೆದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮೊಬೈಲಿನಲ್ಲಿ ಕನ್ನಡ ಹಾಕಿದರೆ ಉರ್ದು ಬರುತ್ತದಲ್ಲ, ಹಾಗೆ ತೆಗೆದು, ಡಿಟಿಪಿ ಅಂಗಡಿಯವರಿಗೆ ವಾಟ್ಸಾಪ್ ಮಾಡಿದೆ. ಅವರು ತಮ್ಮ ಹಳೆಯ ಸಾಫ್ಟ್‌ವೇರಿಗೆ ಅದನ್ನು ಅಂಟಿಸಿ, ಪರದೆ ನನ್ನ ಕಡೆ ತಿರುಗಿಸಿದರು.

"ಸರಿಯಾಗೈತಾ ನೋಡ್ಕಳಿ ಮೇಡಂ. ನಮಗೆ ಇದು ಗೊತ್ತಾಗಕಿಲ್ಲ."

ನನಗೆ ಮಾತ್ರ ಗೊತ್ತಾಗುತ್ತದೆಯೇ? ಆದರೂ ಕನ್ನಡಕ ಏರಿಸಿ ನೋಡಿದೆ. ಒಂದು ಬಳ್ಳಿ, ಒಂದು ಚುಕ್ಕೆ, ಒಂದು ಕೊಕ್ಕೆ. ಚೆಂದ ಕಂಡಿತು. "ತುಂಬಾ ಚೆನ್ನಾಗಿದೆ, ಮಾಡಿಬಿಡಿ" ಅಂದೆ.

ಸಮಾರಂಭದಲ್ಲಿ ಶಾಹಿದಾ ಟೀಚರ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಒಂದು ಗಳಿಗೆ ನೋಡಿದರು. ಕೆಳಗಿನ ಸಾಲಿನ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಬಹಳ ಸಂತೋಷ ಆಯ್ತು" ಅಂದರು. ಫೋಟೋದವರು ಇಬ್ಬರನ್ನೂ ಹತ್ತಿರ ನಿಲ್ಲಿಸಿದರು. ನಾನಂತೂ ಹಲ್ಲು ಕಾಣುವ ಹಾಗೆ ನಕ್ಕಿದ್ದೇನೆ.

ಆ ಫೋಟೋವನ್ನೇ ನಾನು ಏಳು ತಿಂಗಳ ಮೇಲೆ ಮೇಘನಾಗೆ ತೋರಿಸಿದ್ದು.

ಮೇಘನಾ ನನ್ನ ತಮ್ಮ ನಾಗರಾಜನ ಮಗಳು. ಬೇಲೂರಿನಲ್ಲಿದ್ದಾಳೆ. ಮೈಸೂರಿನಲ್ಲಿ ಡಿಸೈನ್ ಓದಿ ಮನೆಗೆ ವಾಪಸ್ ಬಂದು, ಮಹಡಿಯ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅಕ್ಷರ ಬರೆಯುತ್ತಾಳೆ. ಅಂದರೆ ಫಾಂಟ್ ಮಾಡುತ್ತಾಳೆ. ನಮ್ಮ ಮೊಬೈಲಿನಲ್ಲಿ, ಪೇಪರಿನಲ್ಲಿ ಕಾಣುವ 'ಅ' ಹೀಗೇ ಇರಬೇಕು ಎಂದು ಯಾರೋ ಒಬ್ಬರು ಕೂತು ಗೆರೆ ಎಳೆದಿರುತ್ತಾರೆ ಎಂಬುದು ನನಗೆ ಗೊತ್ತಾಗಿದ್ದೇ ಇವಳಿಂದ. ಈಗ ಅವಳ ತಂಡ ಕನ್ನಡ, ಹಿಂದಿ, ಇಂಗ್ಲಿಷ್, ಅರಬ್ಬಿ ನಾಲ್ಕಕ್ಕೂ ಒಂದೇ ಮನೆಯ ಮಕ್ಕಳ ಹಾಗೆ ಕಾಣುವ ಫಾಂಟ್ ಮಾಡುತ್ತಿದೆ. ಅರಬ್ಬಿಯ ಗೆರೆಗಳು (ಉರ್ದು ಬರೆಯುವುದೂ ಇದೇ ಲಿಪಿಯಲ್ಲಿ) ಇವಳ ಪಾಲಿಗೆ ಬಂದಿದ್ದವು. ತಿದ್ದುವ ಹಿರಿಯರು ಕೈರೋದಲ್ಲಿದ್ದಾರಂತೆ.

ಆ ಶನಿವಾರ ಅರಸೀಕೆರೆಗೆ ಬಂದವಳ ಮುಖ ಬಾಡಿತ್ತು. ಏನಾಯಿತೆಂದು ಕೇಳಿದೆ.

"ಎರಡು ಸಲ ವಾಪಸ್ ಬಂತು ಅತ್ತೆ. ಅಕ್ಷರ ಒಂದೊಂದೇ ನೋಡಿದ್ರೆ ಚೆನ್ನಾಗಿದೆಯಂತೆ, ಶಬ್ದ ಓದುವಾಗ ಕಣ್ಣು ಎಡವುತ್ತಂತೆ. ಇನ್ನು ಮೂರು ವಾರ ಟೈಮ್ ಕೊಟ್ಟಿದ್ದಾರೆ. ಆಗ್ಲೂ ಸರಿಹೋಗದಿದ್ರೆ ಅರಬ್ಬಿ ಬೇರೆಯವರಿಗೆ ಹೋಗುತ್ತೆ."

"ಭಾಷೆ ಬರದೆ ನೀನು ಅದನ್ನ ಯಾಕೆ ಒಪ್ಕೊಂಡೆ?"

"ನನಗಿಷ್ಟ ಅತ್ತೆ" ಅಂದಳು. ಅಷ್ಟೇ ಅಂದಳು. ಅವಳು ಒಂದು ವರ್ಷದಿಂದ ಆ ಗೆರೆಗಳ ಜತೆಗೇ ಇದ್ದವಳು. ಕೈತಪ್ಪಿ ಹೋದರೆ ಎಂಬ ಹೆದರಿಕೆ ಅವಳ ಕಣ್ಣಿನಲ್ಲೇ ಕಾಣುತ್ತಿತ್ತು.

ಅವಳನ್ನು ಸ್ವಲ್ಪ ನಗಿಸೋಣ ಎಂದುಕೊಂಡು, "ನೋಡಿಲ್ಲಿ, ನಿಮ್ಮತ್ತೆಯೂ ಅರಬ್ಬಿ ಅಕ್ಷರ ಹಾಕಿಸಿದ್ದಾಳೆ" ಎಂದು ಮೊಮೆಂಟೋ ಫೋಟೋ ತೆಗೆದುಕೊಟ್ಟೆ. ಅವಳು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದಳು.

"ಅತ್ತೆ, ಇದು ಹೆಸರೇ ಅಲ್ಲ."

ಅವಳು ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಆ ಲಿಪಿಯಲ್ಲಿ ಅಕ್ಷರಗಳು ಒಂದರ ಕೈ ಒಂದು ಹಿಡಿದುಕೊಂಡು ನಡೆಯುತ್ತವೆ. ಶಬ್ದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು, ಕೊನೆಯಲ್ಲಿ ಒಂದು, ಒಂಟಿಯಾಗಿದ್ದರೆ ಇನ್ನೊಂದು. ಕೆಲವು ಅಕ್ಷರಗಳು ಮಾತ್ರ ಹಿಂದಿನವರ ಕೈ ಹಿಡಿಯುತ್ತವೆ, ಮುಂದಿನವರಿಗೆ ಕೈ ಕೊಡುವುದಿಲ್ಲ. (ಅಂಥ ಜನ ನಮ್ಮಲ್ಲೂ ಇದ್ದಾರೆ, ಬಿಡಿ.) ಹಳೆಯ ಸಾಫ್ಟ್‌ವೇರಿಗೆ ಈ ಸಂಬಂಧ ಗೊತ್ತಿರುವುದಿಲ್ಲ. ಅದು ಎಲ್ಲರ ಕೈ ಬಿಡಿಸಿ ಒಂಟಿ ಒಂಟಿಯಾಗಿ ನಿಲ್ಲಿಸುತ್ತದೆ. ಅದೂ ಬಲದಿಂದ ಎಡಕ್ಕೆ ಹೋಗಬೇಕಾದದ್ದನ್ನು ಎಡದಿಂದ ಬಲಕ್ಕೆ.

"ನಿಮ್ಮ ಹೆಸರು ಸುಮಿತ್ರಾ. ಅದನ್ನ ಯಾರೋ 'ತ್ರಾಮಿಸು' ಅಂತ ಬರೆದು, ಆಮೇಲೆ ಒತ್ತು, ದೀರ್ಘ, ಗುಡಿಸು ಎಲ್ಲ ಕಿತ್ತು ಪಕ್ಕಪಕ್ಕ ಇಟ್ರೆ ಹೇಗಿರುತ್ತೆ? ಹಾಗಿದೆ."

ನಾನು ಫೋಟೋವನ್ನು ಇನ್ನೊಮ್ಮೆ ಹಿಗ್ಗಿಸಿ ನೋಡಿದೆ.

ನೋಡಿ, ನಾನು ಯಾರೆಂದು ನಿಮಗೆ ಗೊತ್ತು. ಬಸ್ಸಿನ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಫೋಟೋ ತೆಗೆಯುವವಳು. "ಶುಭ ವಿವಾಹ"ದಲ್ಲಿ 'ಭ' ಬದಲು 'ಬ' ಬಿದ್ದಿದ್ದಕ್ಕೆ ಛತ್ರದ ಬಾಗಿಲಲ್ಲೇ ಬೀಗರ ಜತೆ ವಾದ ಮಾಡಿದವಳು. ಇದೇ ಅಂಕಣದಲ್ಲಿ ಫ್ಲೆಕ್ಸ್ ಕನ್ನಡದ ಮೇಲೆ ಎಷ್ಟು ಸಲ ಹರಿಹಾಯ್ದಿಲ್ಲ? ಅಂಥವಳಿಗೆ ಪಕ್ಕದ ಕುರ್ಚಿಯವರ ಲಿಪಿ ಕಂಡಿದ್ದು ಬಳ್ಳಿಯ ಹಾಗೆ. ಸೀರೆಯಂಚಿನ ಡಿಸೈನಿನ ಹಾಗೆ. ಅದನ್ನು ಯಾರೋ ಓದುತ್ತಾರೆ ಎಂಬುದೇ ನನ್ನ ತಲೆಗೆ ಬಂದಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಶಾಹಿದಾ ಟೀಚರ್ ಮನೆಗೆ ಹೊರಟೆ. ರೈಲ್ವೆ ಸ್ಟೇಷನ್ನಿನ ಹಿಂದಿನ ರಸ್ತೆ. ಒಬ್ಬಳೇ ಹೋಗುವ ಧೈರ್ಯ ಬರದೆ ಮೇಘನಾಳನ್ನೂ ಕರೆದುಕೊಂಡೆ. ಒಳಗೆ ಕಾಲಿಟ್ಟರೆ ಎದುರಿಗೇ ಗಾಜಿನ ಶೋಕೇಸು, ಅದರ ನಟ್ಟನಡುವೆ ನನ್ನ ಮೊಮೆಂಟೋ. ಧೂಳು ಒರೆಸಿ ಇಟ್ಟಿದ್ದರು.

ಕೂರುವ ಮೊದಲೇ ಹೇಳಿಬಿಟ್ಟೆ. "ಟೀಚರ್, ನಿಮ್ಮ ಹೆಸರನ್ನ ನಾನು ಹಾಳು ಮಾಡಿದ್ದೀನಿ."

"ಅವತ್ತೇ ಗೊತ್ತಾಯ್ತು ಮೇಡಂ" ಅಂದರು, ಟೀ ಕಪ್ಪು ಜೋಡಿಸುತ್ತ. "ನಮ್ಮ ಹಾಗೆ ಬಲಗಡೆಯಿಂದ ಓದಿದ್ರೆ ಹದ್‌ಹಾಶ್ ಅಂತ ಆಗುತ್ತೆ. ಮಗಳು ನೋಡಿ ನಕ್ಕೂ ನಕ್ಕೂ ಸುಸ್ತಾದ್ಲು. ಈಗ ಫೋನ್ ಮಾಡಿದ್ರೆ ಹದ್‌ಹಾಶ್ ಹೇಗಿದ್ದಾರೆ ಅಂತಾನೇ ಕೇಳ್ತಾಳೆ."

"ಆಗ್ಲೇ ಹೇಳಬಾರದಿತ್ತಾ?"

ಅವರು ಕಪ್ಪು ಕೈಗೆ ಕೊಟ್ಟು ಎದುರಿಗೆ ಕೂತರು. "ಹೇಗೆ ಹೇಳಲಿ? ಮೂವತ್ತು ವರ್ಷ ಸರ್ವಿಸ್ ಮಾಡಿದೆ. ಎಷ್ಟು ಫಂಕ್ಷನ್, ಎಷ್ಟು ಬೋರ್ಡು. ನನ್ನ ಹೆಸರು ನನ್ನ ಅಕ್ಷರದಲ್ಲಿ ಬರೀಬೇಕು ಅಂತ ಒಬ್ಬರಿಗೂ ಅನ್ನಿಸಿರಲಿಲ್ಲ. ನಿಮಗೆ ಅನ್ನಿಸ್ತಲ್ಲ. ಮತ್ತೆ ಅದನ್ನ ಓದೋಕೆ ಹೋಗ್ಲಿಲ್ಲ ಮೇಡಂ, ಇಟ್ಕೊಂಡೆ ಅಷ್ಟೇ."

ನಾನು ಕಪ್ಪು ಕೆಳಗಿಟ್ಟೆ. ಹೊಸದು ಮಾಡಿಸಿಕೊಡುತ್ತೇನೆ ಎಂದು ಹಟ ಹಿಡಿದೆ. "ಬೇಡ, ಅದಕ್ಕೋಸ್ಕರ ಇನ್ನೊಂದ್ಸಲ ರಿಟೈರ್ ಆಗಕ್ಕಾಗಲ್ಲ" ಎಂದು ಮಾತು ಮುಗಿಸಿದರು. ಆಮೇಲೆ ಮೇಘನಾಳ ಕಡೆ ತಿರುಗಿದರು. "ನೀನೇನಮ್ಮಾ ಮಾಡ್ತಿರೋದು?"

ಮೇಘನಾ ಲ್ಯಾಪ್‌ಟಾಪ್ ತೆರೆದಳು. ಟೀಚರ್ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ಮೊದಲ ಮಾತೇ ಸ್ವಲ್ಪ ಖಾರವಾಗಿತ್ತು.

"ಇದು ಅರಬ್ಬರ ಕೈ. ನಸ್ಖ್ ಅಂತೀವಿ, ನೆಟ್ಟಗೆ ಸಾಲಿನ ಮೇಲೆ ಹೋಗುತ್ತೆ. ನಮ್ಮ ಉರ್ದು ಓರೆಯಾಗಿ ಇಳೀಬೇಕು, ಅದರ ಹೆಸರೇ ಬೇರೆ. ಆದ್ರೂ ಚಿಕ್ಕಂದಿನಿಂದ ಕುರಾನ್ ಓದಿದ ಕಣ್ಣಲ್ವಾ, ನಸ್ಖ್ ನನಗೆ ಪರದೇಶಿ ಅಲ್ಲ. ದೊಡ್ಡದು ಮಾಡು."

ದೊಡ್ಡದು ಮಾಡಿದಳು. ಟೀಚರ್ ಒಂದೊಂದೇ ಶಬ್ದ ಓದುತ್ತ ಹೋದರು. ನಾಲ್ಕನೆಯದಕ್ಕೆ ತಡೆದರು. ಒಂಬತ್ತನೆಯದಕ್ಕೆ ತಡೆದು, ಹಿಂದೆ ಹೋಗಿ, ಮತ್ತೆ ಓದಿದರು.

"ಇದೇನು, ಗರಗಸ ಬರೆದಿದ್ದೀಯಾ?"

ಆ ಶಬ್ದ ತಸ್ಬೀಹ್. ಜಪಮಣಿ ಸರ ಎಂದು ಅರ್ಥ. ಅದರಲ್ಲಿ ಒಂದರ ಪಕ್ಕ ಒಂದು ಆರು ಪುಟ್ಟ ಹಲ್ಲುಗಳು ಬರುತ್ತವೆ. ಮೊದಲನೆಯದು ಒಂದಕ್ಷರದ್ದು, ಮುಂದಿನ ಮೂರು ಇನ್ನೊಂದರದ್ದು, ಕೊನೆಯ ಎರಡು ಬೇರೆ ಎರಡು ಅಕ್ಷರಗಳವು. ಯಾವುದು ಯಾರದೆಂದು ಮೇಲೆ ಕೆಳಗಿನ ಚುಕ್ಕೆ ನೋಡಿ ತಿಳಿಯಬೇಕು. ಮೇಘನಾ ಏನು ಮಾಡಿದ್ದಳೆಂದರೆ ಒಂದು ಹಲ್ಲನ್ನು ಅಂದವಾಗಿ ಕೊರೆದು ಅದನ್ನೇ ಆರು ಸಲ ಕೂರಿಸಿದ್ದಳು. ಎಲ್ಲ ಒಂದೇ ಅಳತೆ. ಅದೇ ತನ್ನ ಹೆಚ್ಚುಗಾರಿಕೆ ಎಂದುಕೊಂಡಿದ್ದಳು ಪಾಪ.

ಟೀಚರ್ ಒಳಗೆ ಹೋಗಿ ಒಂದು ಮರದ ಹಲಗೆ, ಮಸಿ ಕುಡಿಕೆ, ತುದಿ ಓರೆಯಾಗಿ ಕತ್ತರಿಸಿದ ಬಿದಿರಿನ ಕಡ್ಡಿ ತಂದರು. ಕಲಮ್ ಎಂದರೆ ಅದೇ. ಹಲಗೆಯ ಮೇಲೆ ಅದೇ ಶಬ್ದ ಬರೆದರು. ನಡುವಿನ ಮೂರು ಹಲ್ಲು ಸಮವಾಗಿ ಬಂದವು. ಅದರ ಮುಂದಿನದು ತಲೆಯೆತ್ತಿ ನಿಂತಿತು. ಅದರ ಮುಂದಿನದು ತಗ್ಗಿತು.

"ಜಪಸರದಲ್ಲಿ ಮಣಿ ಎಲ್ಲ ಒಂದೇ ಅಳತೆ ಇರ್ಲಿ. ಬರೆಯೋವಾಗ ಇರಬಾರದು ಕಣಮ್ಮ. ಎಲ್ಲಿ ಹತ್ತಬೇಕು ಎಲ್ಲಿ ಇಳೀಬೇಕು ಅಂತ ಕಣ್ಣಿಗೆ ಗೊತ್ತಾಗಬೇಕಲ್ಲ."

ಮೇಘನಾ ಆ ಹಲಗೆಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. ಆಮೇಲೆ ಮೆಲ್ಲಗೆ, "ಆಂಟಿ, ಇನ್ನೊಂದ್ಸಲ ಬರೀತೀರಾ? ವಿಡಿಯೋ ಮಾಡ್ಕೋತೀನಿ" ಅಂದಳು.

ಟೀಚರ್ ಬರೆದರು. ಹನ್ನೊಂದು ಗಂಟೆಗೆ ಹೋದವರು ಮಧ್ಯಾಹ್ನದ ಊಟವನ್ನೂ ಅಲ್ಲೇ ಮುಗಿಸಿ ಎದ್ದೆವು. ಹೊರಡುವಾಗ ಟೀಚರ್ ಹೇಳಿದರು: "ಸ್ಕ್ರೀನ್ ಮೇಲೆ ನನಗೆ ತಿದ್ದಕ್ಕೆ ಬರಲ್ಲ. ಪ್ರಿಂಟ್ ತೆಗೆದು ಕಳಿಸು."

ಮುಂದಿನ ಎರಡು ವಾರ ನಾನು ಪೋಸ್ಟ್‌ಮನ್ ಆದೆ. ಮೇಘನಾ ಬೇಲೂರಿನಿಂದ ಫೈಲ್ ಕಳಿಸುವುದು, ನಾನು ಪ್ರಿಂಟ್ ಹಾಕಿಸಿ ಸ್ಟೇಷನ್ ಹಿಂದಿನ ರಸ್ತೆಗೆ ಒಯ್ಯುವುದು, ತಿದ್ದಿದ ಹಾಳೆಯ ಫೋಟೋ ತೆಗೆದು ವಾಪಸ್ ಕಳಿಸುವುದು. ನಿವೃತ್ತಿಯಾದರೂ ಟೀಚರ್ ಕೆಂಪು ಪೆನ್ನು ಬಿಟ್ಟಿರಲಿಲ್ಲ. ಹಾಳೆಯ ತುದಿಯಲ್ಲಿ ಸುತ್ತು ಹಾಕಿ ಅಂಕ ಬೇರೆ ಕೊಡುತ್ತಿದ್ದರು. ಮೊದಲ ಸಲ ನೂರಕ್ಕೆ ನಲವತ್ತೊಂದು. ಮೇಘನಾ ಜನ್ಮದಲ್ಲಿ ಅಷ್ಟು ಕಡಿಮೆ ತೆಗೆದವಳಲ್ಲ. ಎರಡನೆಯ ಸಲ ಅರವತ್ತಾರು. ಅವತ್ತು ಫೋನ್ ಮಾಡಿ, "ಅತ್ತೆ, ಫಸ್ಟ್ ಕ್ಲಾಸ್" ಅಂದಳು.

ಮೂರನೆಯ ಭಾನುವಾರ ಕೊನೆಯ ಪರೀಕ್ಷೆ. ಈ ಸಲ ನಾನೇ ಬರುತ್ತೇನೆ ಎಂದರು ಟೀಚರ್. ಇಬ್ಬರೂ ಬೇಲೂರಿನ ಬಸ್ಸು ಹತ್ತಿದೆವು. ಹಲಗೆಯನ್ನು ಹಳೆಯ ದುಪಟ್ಟಾದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಹಳೇಬೀಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಟೀಚರ್ ಕಿಟಕಿಯಾಚೆ ನೋಡಿ ನನ್ನ ಮೊಳಕೈ ತಟ್ಟಿದರು. ಎದುರಿಗೊಂದು ಬಿರಿಯಾನಿ ಹೋಟೆಲು. ಬೋರ್ಡಿನಲ್ಲಿ ಕನ್ನಡ, ಇಂಗ್ಲಿಷ್, ಮೂಲೆಯಲ್ಲಿ ಹಸಿರು ಬಣ್ಣದಲ್ಲಿ ಹಲಾಲ್ ಎಂಬುದು ಅರಬ್ಬಿಯಲ್ಲಿ.

"ನೋಡಿ ಮೇಡಂ, ಇಲ್ಲೂ ಕೈ ಬಿಡಿಸಿದ್ದಾರೆ. ಉಲ್ಟಾ ಕೂಡ."

"ಹೇಳಿ ಅವರಿಗೆ."

"ಯಾಕೆ ಬಿಡಿ, ಬೇಜಾರು ಮಾಡ್ಕೋತಾರೆ."

"ನನಗೂ ಹಾಗೇ ಬಿಟ್ರಿ. ಏಳು ತಿಂಗಳು ನಾನು ಆ ಫೋಟೋ ಕಂಡಕಂಡವರಿಗೆಲ್ಲ ತೋರಿಸಿಕೊಂಡು ಓಡಾಡ್ದೆ. ಹೇಳಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, ಗಲ್ಲಾದಲ್ಲಿದ್ದ ಮಾಲೀಕರನ್ನು ಕರೆದು ಹೇಳಿಯೇಬಿಟ್ಟರು. ಆತ ಎದ್ದು ಬಂದು ತನ್ನದೇ ಬೋರ್ಡನ್ನು ತಲೆಯೆತ್ತಿ ನೋಡಿದ.

"ಔದಾ ಅಮ್ಮಾ? ಎಲ್ಡು ವರ್ಸ ಆಯ್ತು ಹಾಕ್ಸಿ, ಒಬ್ರೂ ಏಳ್ಲಿಲ್ವಲ್ಲ. ಸರಿಯಾಗಿ ಎಂಗೆ ಬರೀಬೇಕು, ಒಂದು ಚೀಟೀಲಿ ಬರ್ಕೊಟ್ಬುಡಿ."

ಟೀಚರ್ ನನ್ನ ಬ್ಯಾಗಿನಿಂದ ಪೆನ್ನು ಕಸಿದು, ಬಸ್ ಟಿಕೆಟ್ಟಿನ ಹಿಂದೆಯೇ ಬರೆದುಕೊಟ್ಟರು. ಬಸ್ಸು ಹೊರಟ ಮೇಲೂ ಬಹಳ ದೂರ ಅವರ ಮುಖದಲ್ಲಿ ನಗು ಇತ್ತು. (ಕಂಡಕ್ಟರ್ ಟಿಕೆಟ್ ಕೇಳಿದರೆ ಏನು ಹೇಳುವುದು ಎಂದು ನಾನು ಮಾತ್ರ ಬೇಲೂರು ಬರುವ ತನಕ ಹೆದರಿಕೊಂಡಿದ್ದೆ.)

ಬೇಲೂರಿನ ಮನೆಯಲ್ಲಿ ನಾಗರಾಜನ ಹೆಂಡತಿ ವನಜಾ ಅಕ್ಕಿರೊಟ್ಟಿ ತಟ್ಟಿದ್ದಳು. ನಾಗರಾಜ ದೇವಸ್ಥಾನದ ಆಫೀಸಿನಲ್ಲಿ ಗುಮಾಸ್ತ. ಮಾತು ಕಡಿಮೆ. ಆದರೆ ಟೀಚರ್ ಕಲಮ್ ಹಿಡಿದದ್ದನ್ನು ನೋಡಿ ಅವನಿಗೂ ಕುತೂಹಲ ತಡೆಯಲಾಗಲಿಲ್ಲ.

"ಬಲದಿಂದ ಎಡಕ್ಕೆ ಬರೆದ್ರೆ ಕೈಗೆಲ್ಲ ಮಸಿ ಮೆತ್ಕೊಳ್ಳಲ್ವಾ ಟೀಚರೇ?"

"ಅದಕ್ಕೇ ಕೈನ ಸಾಲಿನ ಕೆಳಗೆ ಇಟ್ಕೋಬೇಕು ಸಾರ್. ಮರೆತ್ರೆ ನಮ್ಮಮ್ಮ ಬೆರಳಿನ ಗೆಣ್ಣಿಗೆ ಹೊಡೀತಿದ್ರು."

ಮಹಡಿಯ ಕೋಣೆಯಲ್ಲಿ ಮೇಘನಾ ಒಂದು ಸುದ್ದಿ ಪೇಜನ್ನು ಹೊಸ ಫಾಂಟಿನಲ್ಲಿ, ಮೊಬೈಲಿನ ಅಳತೆಗೆ ಚಿಕ್ಕದು ಮಾಡಿ ಇಟ್ಟಿದ್ದಳು. ಉರ್ದು ಸುದ್ದಿ, ನಸ್ಖ್ ಅಕ್ಷರ. ಕೈಯಲ್ಲೊಂದು ಚೀಟಿ. ಟೀಚರ್ ಎಡವಿದಲ್ಲೆಲ್ಲ ಒಂದು ಗೀಟು ಹಾಕುವುದು ಅವಳ ಲೆಕ್ಕ.

ಟೀಚರ್ ಜೋರಾಗಿ ಓದಲು ಶುರುಮಾಡಿದರು. ಒಂದು ಸಾಲು. ಎರಡು. ಐದು. ನನಗೆ ಒಂದಕ್ಷರ ಅರ್ಥವಾಗದಿದ್ದರೂ ಆ ಓದು ಎಲ್ಲೂ ಕುಂಟುತ್ತಿಲ್ಲ ಎಂದು ಕಿವಿಗೆ ಗೊತ್ತಾಗುತ್ತಿತ್ತು. ಮೇಘನಾಳ ಚೀಟಿಯಲ್ಲಿ ಎರಡೇ ಗೀಟು. ಪರೀಕ್ಷೆಗೆಂದು ಗೊತ್ತುಮಾಡಿದ್ದ ಭಾಗ ಮುಗಿಯಿತು. ಟೀಚರ್ ಮಾತ್ರ ನಿಲ್ಲಿಸಲಿಲ್ಲ. ದನಿ ತಗ್ಗಿತು, ತುಟಿ ಆಡುತ್ತಲೇ ಇತ್ತು, ಬೆರಳು ಪುಟವನ್ನು ಮೇಲಕ್ಕೆ ಸರಿಸುತ್ತಲೇ ಇತ್ತು.

"ಆಂಟಿ, ತಪ್ಪು?"

"ಇರಮ್ಮ. ಇಲ್ಲೇನೋ ಈರುಳ್ಳಿ ರೇಟ್ ವಿಷಯ ಹಾಕಿದ್ದಾರೆ, ಅದನ್ನ ಓದ್ತಿದ್ದೀನಿ."

ತಿದ್ದುವುದನ್ನೇ ಮರೆತಿದ್ದರು. ಮೇಘನಾ ಚೀಟಿಯನ್ನು ಮಡಚಿಟ್ಟು ಕಿಟಕಿಯ ಕಡೆ ತಿರುಗಿದಳು. ಕಣ್ಣೊರೆಸಿಕೊಂಡಳು ಅಂತ ಕಾಣುತ್ತದೆ. ನಾನು ನೋಡದವಳ ಹಾಗೆ, ಮೇಲಕ್ಕೆ ತಂದಿದ್ದ ತಟ್ಟೆಯಲ್ಲಿನ ರೊಟ್ಟಿ ಮುರಿದೆ.

ಅವತ್ತಿನ ಅಂಕ ಎಂಬತ್ತೆಂಟು. ಉಳಿದ ಹನ್ನೆರಡು ಎಲ್ಲಿ ಹೋಯಿತು ಎಂದು ಮೇಘನಾ ಕೇಳಿದ್ದಕ್ಕೆ ಟೀಚರ್, "ನೂರಕ್ಕೆ ನೂರು ಲೆಕ್ಕದ ಮೇಷ್ಟ್ರು ಕೊಡ್ತಾರೆ. ಭಾಷೆಯವರು ಕೊಡಲ್ಲ" ಅಂದರು. ಇದನ್ನು ನಾನೂ ಪೂರ್ತಿ ಒಪ್ಪುತ್ತೇನೆ.

ಆ ವಾರವೇ ಕೈರೋದಿಂದ ಉತ್ತರ ಬಂತು. ಪಾಸು. ಕೆಲಸ ಮೇಘನಾಳ ಕೈಯಲ್ಲೇ ಉಳಿಯಿತು. ಜತೆಗೆ ಒಂದು ಪ್ರಶ್ನೆಯೂ ಇತ್ತಂತೆ: ಹಲ್ಲುಗಳ ಈ ಏರಿಳಿತ ಯಾರು ಹೇಳಿಕೊಟ್ಟಿದ್ದು? ಅರಸೀಕೆರೆಯ ಒಬ್ಬ ನಿವೃತ್ತ ಟೀಚರ್ ಎಂದು ಇವಳು ಬರೆದಳು. ಅರಸೀಕೆರೆ ಎಲ್ಲಿದೆ ಎಂದು ಅವರು ಕೇಳಿದರು. ರೈಲ್ವೆ ಜಂಕ್ಷನ್ ಎಂದು ಇವಳು ಹೇಳಿದಳು. ಈಗ ಫಾಂಟಿನ ಜತೆ ಹೋಗುವ ಹೆಸರುಗಳ ಪಟ್ಟಿಯಲ್ಲಿ ಶಾಹಿದಾ ಟೀಚರ್ ಅವರದೂ ಒಂದು. ಮುಂದಿನ ಫಾಂಟು ಓರೆಯಾಗಿ ಇಳಿಯುವ ನಮ್ಮ ಉರ್ದುವಿನದೇ ಆಗಲಿ ಎಂದು ಟೀಚರ್ ಈಗಲೇ ಒತ್ತಾಯ ಶುರುಮಾಡಿದ್ದಾರೆ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಕಳೆದ ಭಾನುವಾರ ಮೇಘನಾ ಅದೇ ಫಾಂಟಿನ ಕನ್ನಡದ ಹಾಳೆಗಳನ್ನು ಹಿಡಿದು ಅರಸೀಕೆರೆಗೆ ಬಂದಳು. "ಅತ್ತೆ, ಈಗ ನಿಮ್ಮ ಸರದಿ" ಅಂದಳು. ಟೀಚರ್ ಕೂಡ ನಮ್ಮ ಮನೆಯಲ್ಲೇ ಇದ್ದರು. ನಾನು ಗತ್ತಿನಿಂದ ಕೆಂಪು ಪೆನ್ನು ಹಿಡಿದು ಕೂತೆ. ಮೂರು ಹಾಳೆ ಓದಿದೆ. ಸರಾಗವಾಗಿ ಓದಿದೆ. ಒಂದು ತಪ್ಪೂ ಸಿಗಲಿಲ್ಲ. ಮೇಲೆ ತೊಂಬತ್ತೈದು ಎಂದು ಬರೆದು ಸುತ್ತು ಹಾಕಿದೆ.

ಟೀಚರ್ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಸುಮ್ಮನೆ ನೋಡಿದರು. ಎರಡನೆಯ ಸಾಲಿನ ಮೇಲೆ ಬೆರಳಿಟ್ಟರು.

"ಮೇಡಂ, ಇದರ ಹೊಟ್ಟೆ ಸೀಳು ಎಲ್ಲಿ?"

ಬಗ್ಗಿ ನೋಡಿದೆ. ಚಿಕ್ಕ ಅಳತೆಯಲ್ಲಿ 'ಧ'ದ ಕೆಳಗಿನ ಸೀಳು ಮುಚ್ಚಿಹೋಗಿ ಅದು 'ದ' ಆಗಿತ್ತು. ಧನಲಕ್ಷ್ಮಿ ಹೋಗಿ ದನಲಕ್ಷ್ಮಿ. ಮೂರು ಹಾಳೆಯಲ್ಲಿ ಹದಿನೇಳು ಕಡೆ ಹಾಗೇ ಇತ್ತು. ಹದಿನೇಳೂ ಕಡೆ ನಾನು 'ಧ' ಎಂದೇ ಓದಿಕೊಂಡು ಹೋಗಿದ್ದೆ.

ಉಸಿರು ಹೊಟ್ಟೆಯಿಂದ ಬರಬೇಕು ಎಂದು ಇಪ್ಪತ್ತೇಳು ವರ್ಷ ಮಕ್ಕಳ ಹೊಟ್ಟೆ ಮುಟ್ಟಿ ಮುಟ್ಟಿ ಮಹಾಪ್ರಾಣ ಹೇಳಿಸಿದವಳು ನಾನು. ಇನ್ನು ನಮ್ಮ ಶಾಲೆಯ ಕನ್ನಡ ಟೀಚರ್ ಯಾರು ಎಂದು ನೀವು ಕೇಳಿದರೆ ನಾನು ಯಾರ ಮನೆಯ ದಾರಿ ತೋರಿಸಲಿ?